ಐವತ್ತು ದಾಟಿದ ಅವ್ವನನ್ನು ತಪಾಸಣೆಗೆ ಕರೆದೊಯ್ಯೋರು ಯಾರು?

ನಮ್ಮ ಕಡೆ ಎತ್ತು ಕೊಳ್ಳುವವರು ಹಲ್ಲು ನೋಡದೆ ದುಡ್ಡು ಎಣಿಸುವುದಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಕ್ಕೆ ಕೈ ಹಾಕಿ, ಬಣ್ಣ ನೋಡಿ, ಒಂದೆರಡನ್ನು ಮುರಿದು ನೋಡಿದ ಮೇಲೆಯೇ ರೇಟಿನ ಮಾತು. ಕಾರಹುಣ್ಣಿಮೆ ಬಂತೆಂದರೆ ಕರ್ಜಗಿಯಲ್ಲಿ ಎತ್ತುಗಳ ಮೈ ತಿಕ್ಕಿ ತೊಳೆದು ಸಿಂಗರಿಸುತ್ತಾರೆ. ಆಗ ಕೊರಳಡಿ ಒಂದು ಸಣ್ಣ ಬಾವು ಕೈಗೆ ಸಿಕ್ಕರೂ ದನದ ಡಾಕ್ಟರಿಗೆ ಫೋನು ಹೋಗುತ್ತದೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಮನೆಯಲ್ಲಿ ಅರವತ್ತು ದಾಟಿದ ಅವ್ವ ಇರುತ್ತಾಳೆ. ಆಕೆಯ ಮೈಯನ್ನು ಒಬ್ಬ ಡಾಕ್ಟರೋ ನರ್ಸೋ ಕೊನೆಯ ಸಲ ಸರಿಯಾಗಿ ಮುಟ್ಟಿ ನೋಡಿದ್ದು ಯಾವಾಗ ಎಂದು ಕೇಳಿ ನೋಡಿ. ಬಹಳ ಮನೆಗಳಲ್ಲಿ ಬರುವ ಉತ್ತರ ಒಂದೇ: ಕೊನೆಯ ಹೆರಿಗೆಯಲ್ಲಿ.

ಅಂದರೆ ಮೂವತ್ತು, ನಲವತ್ತು ವರ್ಷ. ಈ ನಡುವೆ ಮುಟ್ಟು ನಿಂತಿದೆ, ಮಕ್ಕಳ ಮದುವೆಯಾಗಿದೆ, ಮೊಮ್ಮಕ್ಕಳು ಬಂದಿದ್ದಾರೆ. ಬಿಪಿ, ಶುಗರ್ ಗುಳಿಗೆ ತರಲು ಆಕೆ ಆಸ್ಪತ್ರೆಗೆ ಹೋಗಿರಬಹುದು. ಆದರೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚಾಗುವ ಇದೇ ವಯಸ್ಸಿನಲ್ಲಿ ಆಕೆಯ ಎದೆಯನ್ನು ಪರೀಕ್ಷೆ ಮಾಡಿದವರು ಯಾರೂ ಇಲ್ಲ. ಹಾವೇರಿ ಜಿಲ್ಲೆಯಂಥ ಕಡೆ ಸ್ತನ ಕ್ಯಾನ್ಸರ್ ಜಾಗೃತಿ ಎಂದರೆ ಕಾಲೇಜು ಹುಡುಗಿಯರನ್ನು ಕೂರಿಸಿಕೊಂಡು ಭಾಷಣ ಮಾಡುವುದು ಎಂದಾಗಿಬಿಟ್ಟಿದೆ. ಹುಡುಗಿಯರಿಗೆ ತಿಳಿಸುವುದು ಒಳ್ಳೆಯದೇ. ಆದರೆ ತಪಾಸಣೆಯಿಂದ ಹೆಚ್ಚು ಲಾಭ ಆಗುವುದು ಅವರ ಅವ್ವಂದಿರಿಗೆ ಮತ್ತು ಅಜ್ಜಿಯರಿಗೆ. ಆ ಅವ್ವ ಆ ಹೊತ್ತಿನಲ್ಲಿ ಹೊಲದಲ್ಲಿರುತ್ತಾಳೆ, ಇಲ್ಲವೇ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿರುತ್ತಾಳೆ.

ಎಣಿಕೆಗೇ ಸಿಗದವರು

ಮೊದಲು ಕೆಲವು ಅಂಕಿ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಅದೇ ವರ್ಷ ಈ ರೋಗದಿಂದ ಸತ್ತವರು ಸುಮಾರು 98 ಸಾವಿರ. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಇದೇ. ಶ್ರೀಮಂತ ದೇಶಗಳಲ್ಲಿ ಈ ರೋಗ ಬಂದ ನೂರು ಮಹಿಳೆಯರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ಭಾರತದಲ್ಲಿ ಆ ಸಂಖ್ಯೆ 66 ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗ ಅಲ್ಲೂ ಇಲ್ಲೂ ಒಂದೇ. ನಮ್ಮಲ್ಲಿ ಅದು ಗೊತ್ತಾಗುವುದೇ ತಡ, ಗೊತ್ತಾದ ಮೇಲೆ ಚಿಕಿತ್ಸೆ ಶುರುವಾಗುವುದು ಇನ್ನೂ ತಡ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019ರಿಂದ 2021ರವರೆಗೆ ನಡೆಯಿತು. ಜೀವನದಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡಿದ್ದೀರಾ ಎಂದು ಅದರಲ್ಲಿ ಕೇಳಲಾಗಿತ್ತು. ದೇಶದಲ್ಲಿ 'ಹೌದು' ಎಂದವರು ನೂರಕ್ಕೆ ಒಬ್ಬರೂ ಇಲ್ಲ, 0.9ರಷ್ಟು ಮಾತ್ರ. ಇದು ಎಲ್ಲ ಕಡೆ ಚರ್ಚೆಯಾದ ಅಂಕಿ. ಚರ್ಚೆಯಾಗದೆ ಉಳಿದ ಸಂಗತಿ ಇನ್ನೊಂದಿದೆ. ಆ ಅಂಕಿ 30ರಿಂದ 49 ವರ್ಷದ ಮಹಿಳೆಯರದ್ದು. ಆ ಸಮೀಕ್ಷೆ ಹೆಣ್ಣುಮಕ್ಕಳನ್ನು ಮಾತಾಡಿಸುವುದೇ 49ರವರೆಗೆ. ಮಕ್ಕಳನ್ನು ಹೆರುವ ವಯಸ್ಸು ಮುಗಿದ ಹೆಣ್ಣಿನ ಆರೋಗ್ಯದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಐವತ್ತೈದರ ನಮ್ಮ ಅತ್ತೆ, ಅರವತ್ತೆರಡರ ನಮ್ಮ ದೊಡ್ಡವ್ವ ತಪಾಸಣೆ ಮಾಡಿಸಿಕೊಂಡಿದ್ದಾರೋ ಇಲ್ಲವೋ ಎಂಬುದು ದೇಶದ ಆ ದೊಡ್ಡ ಲೆಕ್ಕದ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಸರ್ಕಾರದ ತಪಾಸಣೆ ಕಾರ್ಯಕ್ರಮ ಇಷ್ಟು ಕುರುಡಲ್ಲ, ಅದನ್ನೂ ಹೇಳಬೇಕು. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ 30ರಿಂದ 65 ವರ್ಷದ ಎಲ್ಲ ಮಹಿಳೆಯರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಆಗಬೇಕು. ಸ್ತನದ ಮಟ್ಟಿಗೆ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದ ಸಿಬ್ಬಂದಿ ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. ಇದು ನಡೆಯಬೇಕಾದದ್ದು ದೊಡ್ಡ ಆಸ್ಪತ್ರೆಯಲ್ಲಲ್ಲ; ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಬೋರ್ಡು ಹಾಕಿಕೊಂಡಿರುವ ಉಪಕೇಂದ್ರದಲ್ಲಿ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರು ಮಾಡಿ ಆಮೇಲೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದ 'ಗೃಹ ಆರೋಗ್ಯ' ಯೋಜನೆಯಲ್ಲೂ ಸ್ತನ ಕ್ಯಾನ್ಸರ್ ಸೇರಿದೆ. ಅಂದರೆ ಕಾಗದದ ಮೇಲೆ ನಮ್ಮ ಅವ್ವಂದಿರ ಹೆಸರು ಇದೆ. ಕಾಗದದಿಂದ ಮನೆಯ ಹೊಸ್ತಿಲವರೆಗೆ ಬರುವಷ್ಟರಲ್ಲಿ ಅದು ಕಳೆದುಹೋಗುತ್ತಿದೆ.

ಕೈಯಿಂದ ಮುಟ್ಟಿ ನೋಡಿದರೆ ಏನಾಗುತ್ತದೆ?

"ಮ್ಯಾಮೊಗ್ರಾಂ ಯಂತ್ರ ಇಲ್ಲದ ಕಡೆ ತಪಾಸಣೆ ಮಾಡಿ ಏನು ಪ್ರಯೋಜನ?" ಎಂದು ಕೇಳುವ ಓದಿದವರು ಬಹಳ ಮಂದಿ ಇದ್ದಾರೆ. ಅವರಿಗೆ ಉತ್ತರ ಮುಂಬೈನ ಕೊಳೆಗೇರಿಗಳಿಂದ ಬಂದಿದೆ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಒಂದು ಅಧ್ಯಯನ ಶುರು ಮಾಡಿದರು. 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಬಡ ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ, ಜೊತೆಗೆ ರೋಗದ ಬಗ್ಗೆ ತಿಳಿವಳಿಕೆ. ಇನ್ನೊಂದು ಗುಂಪಿಗೆ ತಿಳಿವಳಿಕೆ ಮಾತ್ರ. ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ, ಕೆಲವು ವಾರಗಳ ತರಬೇತಿ ಪಡೆದ ಸಾಮಾನ್ಯ ಓದಿನ ಆರೋಗ್ಯ ಕಾರ್ಯಕರ್ತೆಯರು. ಇಪ್ಪತ್ತು ವರ್ಷ ಆ ಮಹಿಳೆಯರನ್ನು ಗಮನಿಸಿದರು. ಡಾ. ಇಂದ್ರನೀಲ್ ಮಿತ್ರ ಮತ್ತು ಅವರ ಸಂಗಡಿಗರು 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು.

ಪರೀಕ್ಷೆ ಆದ ಗುಂಪಿನಲ್ಲಿ ರೋಗ ಇನ್ನೂ ಬೇಗ, ಚಿಕ್ಕದಾಗಿರುವಾಗಲೇ ಸಿಕ್ಕಿತು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಸಾವು ಸುಮಾರು ನೂರಕ್ಕೆ 15ರಷ್ಟು ಕಡಿಮೆ ಕಂಡಿತು. ಆದರೆ ಲೆಕ್ಕಶಾಸ್ತ್ರದ ಪ್ರಕಾರ ಖಚಿತ ಎನ್ನುವಷ್ಟು ಆ ವ್ಯತ್ಯಾಸ ದೊಡ್ಡದಲ್ಲ. ಐವತ್ತಕ್ಕಿಂತ ಚಿಕ್ಕವರಲ್ಲಿ ಸಾವು ಕಡಿಮೆಯಾದದ್ದು ಕಾಣಲಿಲ್ಲ. ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಮಾತ್ರ ಸ್ತನ ಕ್ಯಾನ್ಸರ್ ಸಾವು ನೂರಕ್ಕೆ 30ರ ಹತ್ತಿರ ಇಳಿಯಿತು, ಮತ್ತು ಈ ಇಳಿಕೆ ಖಚಿತವಾದದ್ದು. ನನ್ನ ಇಡೀ ವಾದ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ದೊಡ್ಡ ಯಂತ್ರವಿಲ್ಲದೆ, ತರಬೇತಾದ ಒಂದು ಹೆಣ್ಣಿನ ಕೈಯಿಂದ ಅತಿ ಹೆಚ್ಚು ಜೀವ ಉಳಿದದ್ದು ನಾವು "ಇನ್ನೇನು ವಯಸ್ಸಾತಲ್ಲ" ಎಂದು ಬಿಟ್ಟುಬಿಡುವ ಹೆಣ್ಣುಮಕ್ಕಳದ್ದು.

ಹಾಗಾದರೆ ಮನೆಯಲ್ಲಿ ತಾವೇ ನೋಡಿಕೊಂಡರೆ ಸಾಲದೇ? ಚೀನಾದ ಶಾಂಘೈ ನಗರದಲ್ಲಿ ಸುಮಾರು 2.66 ಲಕ್ಷ ಜವಳಿ ಕಾರ್ಮಿಕ ಮಹಿಳೆಯರ ನಡುವೆ ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಅರ್ಧದಷ್ಟು ಮಂದಿಗೆ ತಮ್ಮ ಸ್ತನವನ್ನು ತಾವೇ ಪರೀಕ್ಷಿಸಿಕೊಳ್ಳುವುದನ್ನು ಚೆನ್ನಾಗಿ ಕಲಿಸಿದರು. 2002ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪಿನ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಆದ್ದರಿಂದ ತಮ್ಮ ಮೈಯ ಬದಲಾವಣೆ ತಮಗೆ ಗೊತ್ತಿರಬೇಕು ನಿಜ, ಆದರೆ ಅದೊಂದೇ ಸಾಲದು. "ಮನ್ಯಾಗ ನೋಡ್ಕೋರಿ" ಎಂದು ಪಾಂಪ್ಲೆಟ್ ಹಂಚಿ ಇಲಾಖೆ ಕೈ ತೊಳೆದುಕೊಳ್ಳುವ ಹಾಗಿಲ್ಲ. ತರಬೇತಾದ ಕೈ ಬೇಕು, ನಿಯಮಿತವಾಗಿ ಬೇಕು.

"ನಂಗೇನಾಗೇತಿ?"

ಕರ್ಜಗಿಯಿಂದ ರಾಣೆಬೆನ್ನೂರಿನವರೆಗೆ ಯಾವ ಊರಲ್ಲಿ ಕೇಳಿದರೂ ಅವ್ವಂದಿರ ಉತ್ತರ ಹೆಚ್ಚುಕಡಿಮೆ ಒಂದೇ ಇರುತ್ತದೆ. "ನಂಗೇನಾಗೇತಿ? ಗಟ್ಟಿ ಅದೀನಿ." "ಈ ವಯಸ್ಸಿನ್ಯಾಗ ಅದನ್ನೆಲ್ಲ ಯಾರಿಗೆ ತೋರಸೂದು?" "ನೂಸೂದಿಲ್ಲ ಏನಿಲ್ಲ, ಯಾಕ ಬೇಕು?" ಇವು ದಡ್ಡತನದ ಮಾತುಗಳಲ್ಲ. ಪ್ರತಿಯೊಂದರ ಹಿಂದೆಯೂ ಕಾರಣವಿದೆ, ಪ್ರತಿಯೊಂದಕ್ಕೂ ಉತ್ತರವಿದೆ.

ನೋವಿಲ್ಲ ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಜೀವನವಿಡೀ ದುಡಿದ ಹೆಣ್ಣಿಗೆ ನೋವಿದ್ದರೆ ರೋಗ, ಇಲ್ಲದಿದ್ದರೆ ಇಲ್ಲ. ಆದರೆ ಸ್ತನದ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ನೋಯುವ ಗಂಟಿಗಿಂತ ನೋಯದ ಗಟ್ಟಿ ಗಂಟಿನ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಚರ್ಮ ಒಳಗೆ ಎಳೆದಂತಾಗುವುದು, ಕಿತ್ತಳೆ ಸಿಪ್ಪೆಯಂತಾಗುವುದು, ಮೊಲೆತೊಟ್ಟು ಒಳಗೆ ಸೇರುವುದು, ಅದರಿಂದ ರಕ್ತದಂಥ ನೀರು ಬರುವುದು, ತೊಟ್ಟಿನ ಮೇಲೆ ವಾಸಿಯಾಗದ ಹುಣ್ಣು, ಎರಡು ಸ್ತನಗಳ ಆಕಾರದಲ್ಲಿ ಹೊಸದಾಗಿ ಕಂಡ ವ್ಯತ್ಯಾಸ, ಬಗಲಲ್ಲಿ ಗಂಟು – ಇವುಗಳಲ್ಲಿ ಯಾವುದು ಕಂಡರೂ ತಪಾಸಣೆಯ ದಿನಕ್ಕೆ ಕಾಯಬಾರದು, ಅದೇ ವಾರ ತೋರಿಸಬೇಕು. ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಹೆದರಿಕೆಯಿಂದ ಮುಚ್ಚಿಡುವವರಿಗೆ ಈ ಮಾತು ಬಹಳ ಮುಖ್ಯ.

ಎರಡನೆಯದು, "ಐದು ಮಕ್ಕಳಿಗೆ ಹಾಲು ಕುಡಿಸೇನಿ, ನಂಗ ಬರೂದಿಲ್ಲ". ಹಾಲು ಕುಡಿಸುವುದರಿಂದ ಅಪಾಯ ಕಡಿಮೆಯಾಗುತ್ತದೆ, ನಿಜ. ಇಲ್ಲವಾಗುವುದಿಲ್ಲ. ಸ್ತನ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧ ಮಂದಿಗೆ ಹೆಣ್ಣಾಗಿರುವುದು ಮತ್ತು ವಯಸ್ಸಾಗಿರುವುದು ಬಿಟ್ಟರೆ ಬೇರೆ ಯಾವ ವಿಶೇಷ ಕಾರಣವೂ ಇರುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯಾರ ತಪ್ಪಿನಿಂದಲೂ, ಯಾರ ಪಾಪದಿಂದಲೂ ಬಂದದ್ದಲ್ಲ ಅದು.

ಮೂರನೆಯದು ಮೊಮ್ಮಗಳ ಮದುವೆ. "ಅಜ್ಜಿಗೆ ಕ್ಯಾನ್ಸರ್ ಅಂತ ಗೊತ್ತಾದ್ರ ಹುಡುಗೀನ ಯಾರು ತಗೋತಾರ?" ಎಂಬ ಹೆದರಿಕೆ ಮನೆಮನೆಯಲ್ಲೂ ಇದೆ. ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ತಾಯಿಯಿಂದಲೋ ತಂದೆಯಿಂದಲೋ ವಂಶವಾಹಿಯಲ್ಲಿ ಬರುವ ಸ್ತನ ಕ್ಯಾನ್ಸರ್ ನೂರಕ್ಕೆ ಐದರಿಂದ ಹತ್ತು ಮಾತ್ರ. ಒಂದು ವೇಳೆ ಹಾಗೆ ಬರುವ ಮನೆತನವಾದರೆ ಅದು ಗೊತ್ತಿರುವುದೇ ಮೊಮ್ಮಗಳಿಗೆ ಒಳ್ಳೆಯದು, ಆಕೆ ಮೊದಲೇ ಎಚ್ಚರ ವಹಿಸಬಹುದು.

ನಾಲ್ಕನೆಯದು ಮಾತಿನ ತೊಡಕು. ನಮ್ಮ ಕಡೆ ಹಿರಿಯ ಹೆಣ್ಣುಮಕ್ಕಳು ಸ್ತನ ಎನ್ನುವುದಿಲ್ಲ. ಮೊಲೆ ಎಂಬ ಅಚ್ಚಗನ್ನಡದ ಮಾತು ಮಗುವಿಗೆ ಹಾಲು ಕುಡಿಸುವಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ನಾಚಿಕೆಯ ಮಾತಾಗಿದೆ. "ಎದಿ" ಎನ್ನುತ್ತಾರೆ. "ಎದಿ ನೂಸಾಕತ್ತೇತಿ" ಎಂದು ಆಸ್ಪತ್ರೆಯಲ್ಲಿ ಹೇಳಿದರೆ ಹೃದಯದ ಇಸಿಜಿ ಆಗಬಹುದು, ಗ್ಯಾಸಿನ ಗುಳಿಗೆ ಸಿಗಬಹುದು. ತಪಾಸಣೆ ಮಾಡುವವರು ಈ ಮಾತಿನ ಒಳಗಿರುವುದನ್ನು ಕೇಳಿ ತಿಳಿಯಬೇಕು. "ಎದಿ ಒಳಗೋ, ಹಾಲು ಕುಡಿಸೋ ಜಾಗದಾಗೋ?" ಎಂಬ ಒಂದೇ ಪ್ರಶ್ನೆ ಸಾಕು.

ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬುವ ಪ್ರಶ್ನೆಪಟ್ಟಿಯಲ್ಲಿ ಸ್ತನದಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಬರುತ್ತಿದೆಯೇ, ಆಕಾರ ಬದಲಾಗಿದೆಯೇ ಎಂಬ ಪ್ರಶ್ನೆಗಳಿವೆ. ಒಳ್ಳೆಯ ಪ್ರಶ್ನೆಗಳೇ. ಆದರೆ ಅವನ್ನು ಕೇಳುವುದು ಪಡಸಾಲೆಯಲ್ಲಿ, ಮಗ ಮೊಬೈಲ್ ನೋಡುತ್ತ ಕುಳಿತಿರುವಾಗ ಎಂದಾದರೆ, ಯಾವ ಅವ್ವ ತಾನೆ "ಹೌದು" ಎನ್ನುತ್ತಾಳೆ? 'ಇಲ್ಲ' ಎಂದು ಬರೆದ ಆ ಹಾಳೆ ಮೇಲೆ ಹೋಗುತ್ತದೆ, ಊರಿನ ತಪಾಸಣೆ ಮುಗಿಯಿತು ಎಂದು ಲೆಕ್ಕಕ್ಕೆ ಸೇರುತ್ತದೆ. ಕೇಳಿದ್ದೇ ತಪಾಸಣೆ ಅಲ್ಲ, ಮುಟ್ಟಿ ನೋಡಿದ್ದು ತಪಾಸಣೆ.

ರಾಣೆಬೆನ್ನೂರಿನ ಹೆಣ್ಣುಮಕ್ಕಳು ಮರೆಯದ ಸಂಗತಿ

ಹಾವೇರಿ ಜಿಲ್ಲೆಯಲ್ಲಿ ತಪಾಸಣೆ ಬಗ್ಗೆ ಬರೆಯುವವರು ಇನ್ನೊಂದು ಮಾತನ್ನು ಮುಚ್ಚಿಡಬಾರದು. ಕಳೆದ ದಶಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿ ಮತ್ತು ತಾಂಡಾಗಳ ನೂರಾರು ಹೆಣ್ಣುಮಕ್ಕಳು, ಅಗತ್ಯವಿಲ್ಲದಿದ್ದರೂ ತಮ್ಮ ಗರ್ಭಕೋಶ ತೆಗೆದರು ಎಂದು ದೂರಿದರು. ಅವರಲ್ಲಿ ಲಂಬಾಣಿ ಸಮುದಾಯದ ಬಡವರೇ ಹೆಚ್ಚು. ಹೊಟ್ಟೆನೋವು, ಬಿಳಿ ಹೋಗುವುದು ಎಂದು ಹೋದವರಿಗೆ ಕ್ಯಾನ್ಸರ್ ಆಗುತ್ತದೆ ಎಂಬ ಹೆದರಿಕೆ ಹಾಕಿದರು ಎಂದು ಹಲವರು ಹೇಳಿಕೊಂಡರು. ಪರಿಹಾರ ಕೇಳಿ ಅವರು ಧರಣಿ ಕುಳಿತರು, ಪಾದಯಾತ್ರೆ ಹೊರಟರು. ಪತ್ರಿಕೆಗಳಲ್ಲಿ ಬಂದ ಸುದ್ದಿ ಇದು, ಎಲ್ಲರಿಗೂ ಗೊತ್ತಿರುವಂಥದ್ದೇ.

ಈಗ ಅದೇ ತಾಲ್ಲೂಕಿನ ಹೆಣ್ಣುಮಗಳಿಗೆ "ಕ್ಯಾನ್ಸರ್ ತಪಾಸಣೆಗೆ ಬಾರವ್ವಾ" ಎಂದರೆ ಆಕೆಗೆ ಏನು ನೆನಪಾಗುತ್ತದೆ? "ಒಂದು ತಗದ್ರು, ಇನ್ನೊಂದು ತಗೀತಾರೇನು?" ಎಂದು ಆಕೆ ಕೇಳಿದರೆ ನಾವು ನಗುವ ಹಾಗಿಲ್ಲ. ಆಕೆಯ ಅನುಮಾನಕ್ಕೆ ಅರ್ಥವಿದೆ. ಅದನ್ನು ಭಾಷಣದಿಂದ ಹೋಗಲಾಡಿಸಲು ಆಗದು, ನಡೆದುಕೊಳ್ಳುವ ರೀತಿಯಿಂದ ಮಾತ್ರ ಆದೀತು.

ಆದ್ದರಿಂದ ಈ ಕೆಲವು ಮಾತನ್ನು ತಪಾಸಣೆಗೆ ಮೊದಲೇ ಸ್ಪಷ್ಟವಾಗಿ ಹೇಳಬೇಕು. ಮುಟ್ಟಿ ನೋಡುವುದು ಐದು-ಹತ್ತು ನಿಮಿಷದ ಕೆಲಸ. ಸೂಜಿ ಇಲ್ಲ, ಕತ್ತರಿ ಇಲ್ಲ. ಗಂಟು ಸಿಕ್ಕಿದರೆ ಮ್ಯಾಮೊಗ್ರಾಂ ಅಥವಾ ಸ್ಕ್ಯಾನಿಂಗ್. ಅದರಲ್ಲೂ ಅನುಮಾನ ಬಂದರೆ ಸೂಜಿಯಿಂದ ಒಂದು ಚೂರು ಮಾದರಿ ತೆಗೆದು ಬಯಾಪ್ಸಿಗೆ ಕಳಿಸುವುದು. ಬಯಾಪ್ಸಿ ವರದಿ ಇಲ್ಲದೆ ಯಾರೂ ಆಪರೇಷನ್ ಎನ್ನುವ ಹಾಗಿಲ್ಲ. ಎನ್ನುವವರಿದ್ದರೆ "ವರದಿ ಕೊಡ್ರಿ, ಇನ್ನೊಬ್ಬ ಡಾಕ್ಟರಿಗೆ ತೋರಸ್ತೀವಿ" ಎಂದು ಕೇಳುವ ಹಕ್ಕು ನಿಮಗಿದೆ. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬುದು ಸುಳ್ಳು ಹೆದರಿಕೆ. ಬೇಗ ಸಿಕ್ಕರೆ ಎಷ್ಟೋ ಸಲ ಪೂರ್ತಿ ಸ್ತನ ತೆಗೆಯಬೇಕಾಗಿಯೂ ಇಲ್ಲ. ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಡುವುದುಂಟು. ವಯಸ್ಸಾದವರಲ್ಲಿ ಹಾರ್ಮೋನ್ ಗುಳಿಗೆಗೆ ಬಗ್ಗುವ ಬಗೆಯ ಕ್ಯಾನ್ಸರೇ ಹೆಚ್ಚು. ದಿನಕ್ಕೊಂದು ಗುಳಿಗೆ ನುಂಗಿಕೊಂಡು ಮೊಮ್ಮಕ್ಕಳ ಜೊತೆ ವರ್ಷಗಟ್ಟಲೆ ಬದುಕುವವರಿದ್ದಾರೆ.

ಗಂಟು ಸಿಕ್ಕ ಮೇಲೆ ದಾರಿ ಯಾವುದು?

ತಪಾಸಣೆ ಮಾಡಿ, ಗಂಟಿದೆ ಎಂದು ಹೇಳಿ, ಮುಂದಿನ ದಾರಿ ತೋರಿಸದೆ ಬಿಡುವುದು ತಪಾಸಣೆ ಮಾಡದಿರುವುದಕ್ಕಿಂತ ಕೆಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸ್ತನ ಕ್ಯಾನ್ಸರ್ ಕುರಿತು ಶುರು ಮಾಡಿದ ಜಾಗತಿಕ ಪ್ರಯತ್ನದಲ್ಲಿ ಒಂದು ಗುರಿ ಇದೆ: ಮೊದಲು ತೋರಿಸಿದ ದಿನದಿಂದ 60 ದಿನದೊಳಗೆ ರೋಗ ಹೌದೋ ಅಲ್ಲವೋ ಎಂಬುದು ನಿಶ್ಚಯವಾಗಬೇಕು. ಕರ್ಜಗಿಯಂಥ ಊರಿನ ಹೆಣ್ಣುಮಗಳಿಗೆ ಇದು ಆಗದ ಮಾತೇನಲ್ಲ. ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ, ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದೆ. ಅದಕ್ಕೂ ಮೇಲೆ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಇದೆ. ಕರ್ಜಗಿಗೆ ಹುಬ್ಬಳ್ಳಿ ಲೈನಿನ ರೈಲು ನಿಲ್ದಾಣವಿದೆ. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ದುಡ್ಡಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ.

ಕೊರತೆ ಇರುವುದು ಇವನ್ನೆಲ್ಲ ಜೋಡಿಸುವವರದ್ದು. ಶಕ್ತಿ ಬಸ್ಸಿನಲ್ಲಿ ಧರ್ಮಸ್ಥಳಕ್ಕೂ ಸವದತ್ತಿ ಎಲ್ಲಮ್ಮನಿಗೂ ಹೋಗಿ ಬಂದ ಅವ್ವ ಹಾವೇರಿಯ ಆಸ್ಪತ್ರೆಗೆ ಹೋಗದಿರುವುದು ಬಸ್ಸಿಲ್ಲದ್ದಕ್ಕಲ್ಲ. ಯಾವ ದಿನ ಹೋಗಬೇಕು, ಯಾವ ಕೋಣೆಗೆ ಹೋಗಬೇಕು, ಯಾರನ್ನು ಕೇಳಬೇಕು ಎಂಬುದು ಗೊತ್ತಿಲ್ಲದ್ದಕ್ಕೆ. ಒಂದು ದಿನದ ಕೂಲಿ ಬಿಟ್ಟು ಹೋಗಿ, "ಇವತ್ತು ಡಾಕ್ಟರಿಲ್ಲ, ನಾಳೆ ಬಾ" ಎಂದು ಹೇಳಿಸಿಕೊಂಡು ಬಂದವಳು ಎರಡನೇ ಸಲ ಹೋಗುವುದಿಲ್ಲ.

ತಪಾಸಣೆಗೂ ಮಿತಿ ಇದೆ

ಮ್ಯಾಮೊಗ್ರಾಂ ಎಂದರೆ ಸರ್ವರೋಗಕ್ಕೆ ಮದ್ದು ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ 50ರಿಂದ 71 ವರ್ಷದೊಳಗಿನ ಮಹಿಳೆಯರನ್ನು ಮೂರು ವರ್ಷಕ್ಕೊಮ್ಮೆ ಕರೆದು ಮ್ಯಾಮೊಗ್ರಾಂ ಮಾಡುತ್ತಾರೆ. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ 40ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಎಂದು ಹೇಳಿತು. ವಯಸ್ಸಾದವರಲ್ಲಿ ಮ್ಯಾಮೊಗ್ರಾಂ ಚಿತ್ರ ಹೆಚ್ಚು ಸ್ಪಷ್ಟವಾಗಿ ಬರುತ್ತದೆ ಎಂಬುದೂ ನಿಜ. ಆದರೆ ಅದರಲ್ಲಿ ಇಲ್ಲದ ಅನುಮಾನ ಬಂದು, ಸುಮ್ಮನೆ ಹೆದರಿ, ಬೇಡದ ಪರೀಕ್ಷೆಗೆ ಅಲೆಯುವುದೂ ಉಂಟು. ಜೀವಕ್ಕೆ ಎಂದೂ ಅಪಾಯ ಮಾಡದಂಥ ನಿಧಾನದ ಗಂಟಿಗೂ ಚಿಕಿತ್ಸೆ ಕೊಡುವುದು ಉಂಟು. ಎಂಬತ್ತು ದಾಟಿದ, ಬೇರೆ ಕಾಯಿಲೆಯಿಂದ ಹಾಸಿಗೆ ಹಿಡಿದ ಅಜ್ಜಿಯನ್ನು ತಪಾಸಣೆ ಹೆಸರಲ್ಲಿ ಅಲೆದಾಡಿಸುವುದರಲ್ಲಿ ಅರ್ಥವಿಲ್ಲ. ಯಾವ ಲಕ್ಷಣವೂ ಇಲ್ಲದ ಎಲ್ಲರಿಗೂ ಮ್ಯಾಮೊಗ್ರಾಂ ಮಾಡುವಷ್ಟು ಯಂತ್ರವಾಗಲಿ, ಚಿತ್ರ ಓದುವ ತಜ್ಞರಾಗಲಿ ನಮ್ಮ ಜಿಲ್ಲೆಗಳಲ್ಲಿ ಇಲ್ಲ.

ಅದಕ್ಕೇ ನಮ್ಮ ಪರಿಸ್ಥಿತಿಗೆ ಸರಿಯಾದ ದಾರಿ ಮುಂಬೈ ಅಧ್ಯಯನ ತೋರಿಸಿದ್ದು. ಮೊದಲು ಊರಲ್ಲೇ ತರಬೇತಾದ ಕೈ. ಅನುಮಾನ ಬಂದವರಿಗೆ ಮಾತ್ರ ಯಂತ್ರ. ಯಂತ್ರದಲ್ಲೂ ಅನುಮಾನ ಉಳಿದವರಿಗೆ ಬಯಾಪ್ಸಿ. ಈ ಮೂರು ಮೆಟ್ಟಿಲು ಗಟ್ಟಿ ಇದ್ದರೆ ಸಾಕು.

ಏನು ಮಾಡಬೇಕು?

ಜಿಲ್ಲಾ ಆರೋಗ್ಯ ಇಲಾಖೆ ಮಾಡಬಹುದಾದ ಕೆಲಸಗಳು ಕೋಟಿಗಟ್ಟಲೆ ದುಡ್ಡು ಕೇಳುವಂಥವಲ್ಲ.

ಒಂದು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಂದು ನಿಶ್ಚಿತ ದಿನ ಹೆಣ್ಣುಮಕ್ಕಳ ಎದೆ ತಪಾಸಣೆಗೆ ಇರಲಿ. ಅದು ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಹೇಗಿದ್ದರೂ ಅವ್ವಂದಿರು ಊರಿಗೆ ಬಂದಿರುತ್ತಾರೆ. ಪರೀಕ್ಷಿಸುವವರು ಹೆಣ್ಣುಮಕ್ಕಳೇ ಆಗಿರಬೇಕು. ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಗಂಡಸಾಗಿದ್ದರೆ ಆ ದಿನ ಪಕ್ಕದ ಊರಿನ ಹೆಣ್ಣುಮಗಳು ಬರಲಿ. ಬಾಗಿಲಿರುವ ಕೋಣೆ, ಒಂದು ಪರದೆ ಇರಲಿ.

ಎರಡು, ಐದು ವರ್ಷಕ್ಕೊಮ್ಮೆ ಎಂಬುದು ಐವತ್ತು ದಾಟಿದವರಿಗೆ ಬಹಳ ದೀರ್ಘವಾಯಿತು. ಮುಂಬೈಯಲ್ಲಿ ಫಲ ಕೊಟ್ಟದ್ದು ಎರಡು ವರ್ಷಕ್ಕೊಮ್ಮೆ ಮಾಡಿದ ಪರೀಕ್ಷೆ. ಹಾಗೆಯೇ 65ಕ್ಕೆ ನಿಲ್ಲಿಸುವುದೂ ಬೇಡ. ಅರವತ್ತೆಂಟು, ಎಪ್ಪತ್ತರಲ್ಲೂ ಹೊಲಕ್ಕೆ ಹೋಗುವ ಗಟ್ಟಿ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಇಲ್ಲ?

ಮೂರು, ಶಿಬಿರಗಳ ಕಾಲ ಬದಲಾಗಲಿ. ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿ ತಿಂಗಳು ಎಂದು ಜಗತ್ತು ಆಚರಿಸುತ್ತದೆ. ಹಾವೇರಿ ಜಿಲ್ಲೆಯಲ್ಲಿ ಆ ತಿಂಗಳು ಗೋವಿನಜೋಳ ಮುರಿಯುವ, ಹತ್ತಿ ಬಿಡಿಸಲು ಶುರುವಾಗುವ ತಿಂಗಳು. ಬ್ಯಾಡಗಿ ಕಡೆ ಜನವರಿಯಿಂದ ಮೆಣಸಿನಕಾಯಿ ಹಂಗಾಮು. ಯುಗಾದಿಯಿಂದ ಮುಂಗಾರು ಹಿಡಿಯುವವರೆಗೆ ಹೊಲದ ಕೆಲಸ ಕಡಿಮೆ. ನಮ್ಮ ತಿಂಗಳು ಅದು. ಮೆಣಸಿನಕಾಯಿ ತೊಟ್ಟು ಬಿಡಿಸುವ ಜಾಗಕ್ಕೆ, ರಾಣೆಬೆನ್ನೂರು ಕಡೆ ಬೀಜದ ಕ್ರಾಸಿಂಗ್ ಕೆಲಸ ನಡೆಯುವ ಊರುಗಳಿಗೆ ತಂಡವೇ ಹೋದರೆ ಒಂದೇ ದಿನ ನೂರಾರು ಹೆಣ್ಣುಮಕ್ಕಳು ಸಿಗುತ್ತಾರೆ.

ನಾಲ್ಕು, ಗಂಟು ಸಿಕ್ಕವರ ಕೈಗೆ ಒಂದು ಚೀಟಿ ಕೊಡಿ: ಯಾವ ದಿನ, ಯಾವ ಆಸ್ಪತ್ರೆ, ಯಾವ ಕೋಣೆ, ಯಾರ ಫೋನು. ಬಯಾಪ್ಸಿ ವರದಿ ಬರುವವರೆಗೆ ಆಕೆಯ ಬೆನ್ನು ಹತ್ತುವ ಹೊಣೆ ಒಬ್ಬರ ಹೆಸರಲ್ಲಿರಲಿ. ಆ ಹೊಣೆ ಆಶಾ ಕಾರ್ಯಕರ್ತೆಯದಾದರೆ ಅದಕ್ಕೆ ತಕ್ಕ ದುಡ್ಡನ್ನೂ ಕೊಡಿ. ಊರಿನ ಎಲ್ಲ ಹೊಸ ಕೆಲಸವನ್ನೂ ಆಕೆಯ ತಲೆಯ ಮೇಲೆ ಪುಕ್ಕಟೆ ಹೇರುವುದು ನ್ಯಾಯವಲ್ಲ.

ಇನ್ನು ಮನೆಯವರ ಪಾಲು. ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರು ನನ್ನಂತೆ ಹಳ್ಳಿಯಲ್ಲಿ ಹುಟ್ಟಿ, ಓದಿ, ಈಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವವರು. ವಾರಕ್ಕೊಮ್ಮೆ ಅವ್ವನಿಗೆ ಫೋನ್ ಮಾಡಿ "ಊಟ ಆತೇನು, ಮಳಿ ಆತೇನು" ಎಂದು ಕೇಳುತ್ತೇವೆ. ಇನ್ನೊಂದು ಪ್ರಶ್ನೆಯನ್ನೂ ಸೇರಿಸೋಣ. ಮಗ ಕೇಳಲು ಮುಜುಗರವಾದರೆ ಮಗಳು ಕೇಳಲಿ, ಸೊಸೆ ಕೇಳಲಿ. "ಹೋಗಿ ಬಾ" ಎಂದರೆ ಆಕೆ ಹೋಗುವುದಿಲ್ಲ, "ನಡಿಯವ್ವಾ, ಕೂಡಿ ಹೋಗೂಣು, ನಂದೂ ತೋರಸ್ಬೇಕು" ಎಂದರೆ ಬರುತ್ತಾಳೆ. ಮೂವತ್ತು ದಾಟಿದ ಸೊಸೆಗೂ ಆ ತಪಾಸಣೆ ಇದೆ, ಅದು ಸುಳ್ಳು ನೆಪವೂ ಅಲ್ಲ. ಸ್ವಸಹಾಯ ಸಂಘದ ಹತ್ತು ಮಂದಿ ಒಟ್ಟಿಗೆ ಹೊರಟರಂತೂ ನಾಚಿಕೆಯೂ ಕಡಿಮೆ, "ಇವತ್ತು ಡಾಕ್ಟರಿಲ್ಲ" ಎನ್ನುವವರ ಧೈರ್ಯವೂ ಕಡಿಮೆ.

ತಿಂಗಳಿಗೊಮ್ಮೆ ತಾವೇ ನೋಡಿಕೊಳ್ಳಲು ಮುಟ್ಟು ನಿಂತವರಿಗೆ ದಿನದ ಲೆಕ್ಕ ಸಿಗುವುದಿಲ್ಲ. ಹುಣ್ಣಿಮೆ ನೆನಪಿಟ್ಟುಕೊಂಡರೆ ಸಾಕು, ಅಂದು ತಲೆ ಎರೆದುಕೊಳ್ಳುವಾಗ ಎರಡು ನಿಮಿಷ. ಅದು ತಪಾಸಣೆಗೆ ಬದಲಿಯಲ್ಲ. ಎರಡು ತಪಾಸಣೆಗಳ ನಡುವೆ ಏನಾದರೂ ಬದಲಾದರೆ ಗೊತ್ತಾಗಲಿ ಎಂದು.

ನಮ್ಮ ಅವ್ವಂದಿರು ಇಷ್ಟು ವರ್ಷ ಎಲ್ಲರ ಮೈ ನೋಡಿಕೊಂಡಿದ್ದಾರೆ. ಮಗುವಿನ ಹಣೆ ಮುಟ್ಟಿ ಜ್ವರ ಹೇಳಿದ್ದಾರೆ, ಆಕಳ ಕೆಚ್ಚಲು ಮುಟ್ಟಿ ಬಾವು ಹೇಳಿದ್ದಾರೆ. ಅವರ ಮೈಯನ್ನು ಮುಟ್ಟಿ ನೋಡುವ ಒಂದು ಕೈ ಎರಡು ವರ್ಷಕ್ಕೊಮ್ಮೆ ಅವರ ಊರಿಗೆ ಬರಬೇಕು. ಬರಲಿಲ್ಲವೆಂದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಬಂದಿದೆ ಎಂದರೆ ಈ ತಿಂಗಳೇ ಅವ್ವನನ್ನು ಕರೆದುಕೊಂಡು ಹೋಗಿ.